ಅಡಿಕೆ ಕೊನೆ ಕೊಯ್ಲಿನ ದಿನವೂ ನಡೆಯುವಷ್ಟು ಪ್ರಾರ್ಥನೆ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ, ಸಣ್ಣ ಅಡಿಕೆ ತೋಟ. ಚರ್ಚು ಮನೆಯಿಂದ ದೂರ, ಗಂಟೆ ಕೇಳಿಸುವುದಿಲ್ಲ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ನಲವತ್ತು ದಿನವೂ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಪೂರ್ತಿ ಜಪಸರ (ರೋಸರಿ) ಮಾಡ್ತೇನೆ. ಈಸ್ಟರ್ ಕಳೆದು ಹದಿನೈದು ದಿನಕ್ಕೆ ಎಲ್ಲಾ ನಿಂತುಹೋಗುತ್ತೆ. ಕೊಯ್ಲು ಶುರುವಾದರಂತೂ ಕೇಳೋದೇ ಬೇಡ. ಕೂತರೂ ಮನಸ್ಸು ಎಲ್ಲೆಲ್ಲೋ ಓಡುತ್ತೆ. ಸಂಜೆ ಪ್ರಾರ್ಥನೆಗೆ ಮಗ ಮೊಬೈಲ್ ಹಿಡಿದು ಕೂರ್ತಾನೆ, ಅತ್ತೆ ಕೊಂಕಣಿಯಲ್ಲೇ ಆಗಬೇಕು ಅಂತಾರೆ, ಯಜಮಾನರು ದಣಿದು ಮಲಗಿರ್ತಾರೆ. ಬಿಟ್ಟ ದಿನಗಳನ್ನು ನೆನೆಸಿದರೆ ಪಾಪ ಮಾಡಿದೆನೇನೋ ಅಂತ ಚುಚ್ಚುತ್ತೆ. ದಿನಾ ನಡೆಯೋ ಹಾಗೆ ಮಾಡೋದು ಹೇಗೆ?

ಉತ್ತರ: ಸಹೋದರಿ, ಮೊದಲು ಆ ಚುಚ್ಚುವ ಮಾತನ್ನೇ ತೆಗೆದುಕೊಳ್ಳೋಣ. ಅದು ಒಳಗೆ ಕೂತಿರುವಷ್ಟು ದಿನ ಬೇರೆ ಯಾವ ಸಲಹೆಯೂ ನಾಟುವುದಿಲ್ಲ. ಭಾನುವಾರದ ಮತ್ತು ಕಡ್ಡಾಯ ಹಬ್ಬಗಳ ಬಲಿಪೂಜೆಯಲ್ಲಿ (ಚರ್ಚಿನ ಮಾಸ್) ಭಾಗವಹಿಸುವುದು ಕಥೋಲಿಕರಿಗೆ ಧರ್ಮಸಭೆ ವಿಧಿಸಿರುವ ಕರ್ತವ್ಯ. ಮನೆಯಲ್ಲಿ ದಿನಾ ಪ್ರಾರ್ಥಿಸಬೇಕು ಎಂದೂ ಸಭೆ ಹೇಳುತ್ತದೆ. ಆದರೆ ಇಷ್ಟೇ ಹೊತ್ತು ಆಗಬೇಕು, ಜಪಸರದ ಐದೂ ರಹಸ್ಯ (ಯೇಸು, ಮರಿಯರ ಬದುಕಿನ ಒಂದೊಂದು ಘಟನೆ ನೆನೆದು ಹೇಳುವ ಭಾಗ) ಮುಗಿಯಲೇಬೇಕು ಎಂದು ಸಂಸಾರಸ್ಥರಿಗೆ ಯಾವ ಕಟ್ಟಳೆಯನ್ನೂ ಹಾಕಿಲ್ಲ. ಬಿಟ್ಟ ಜಪಸರ ಸಾಲವಾಗಿ ಉಳಿಯುವುದಿಲ್ಲ. ಹಾಗಾಗಿ ಮರುದಿನ ಎರಡು ಜಪಸರ ಮಾಡಿ ತೀರಿಸಲು ಹೋಗಬೇಡಿ. ಬಾಕಿ ತೀರಿಸಲು ಹೊರಟವರೇ ಮೂರನೇ ದಿನ ಪೂರ್ತಿ ಕೈಬಿಡುವುದು. ಬೆಳಗಿನದು ತಪ್ಪಿತೋ, ಅದು ಹೋಯಿತು, ಮಧ್ಯಾಹ್ನದ್ದು ಮಾಡಿ. ಇಡೀ ದಿನ ತಪ್ಪಿತೋ, ನಾಳೆಯದನ್ನು ನಾಳೆಯ ಅಳತೆಯಲ್ಲಷ್ಟೇ ಮಾಡಿ.

ಈಗ ಅಳತೆಯ ವಿಷಯ. ನಿಮ್ಮ ಪತ್ರದ ನಿಜವಾದ ಗಂಟು ಇರುವುದು ಅಲ್ಲೇ. ತಪಸ್ಸು ಕಾಲದಲ್ಲಿ ಹೊರಗಿನ ಆಸರೆ ಬಹಳ: ಶುಕ್ರವಾರದ ಶಿಲುಬೆ ಹಾದಿ, ಮಾಂಸ ಬಿಡುವುದು, ಚರ್ಚಿನ ಪ್ರಸಂಗದಲ್ಲಿ ವಾರವಾರವೂ ಅದೇ ನೆನಪು, ಪರಿಚಯದ ಮನೆಗಳಲ್ಲೆಲ್ಲ ಅದೇ ಶಿಸ್ತು. ಮೇಲಾಗಿ ಅದು ಬರುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ಕೊಯ್ಲು ಹೆಚ್ಚುಕಡಿಮೆ ಮುಗಿದಿರುತ್ತದೆ, ಮಳೆಗೆ ಇನ್ನೂ ದಿನವಿದೆ, ತೋಟದವರ ಕೈ ತುಸು ಬಿಡುವಾಗಿರುತ್ತದೆ. ಆ ಬಿಡುವಿನಲ್ಲಿ ಹಿಡಿಸಿದ್ದನ್ನು ವರ್ಷದ ಉಳಿದ ದಿನಗಳಲ್ಲೂ ಹಿಡಿಸಲು ಹೋದರೆ ಹಿಡಿಸುವುದಿಲ್ಲ. ಜಪಸರದ ತಿಂಗಳು ಅಕ್ಟೋಬರ್. ನಮ್ಮಲ್ಲಿ ಕೊನೆ ಕೊಯ್ಲು ಏರುವುದೂ ಆಗಲೇ. ಯೇಸುವಿನ ಪವಿತ್ರ ಹೃದಯದ ತಿಂಗಳು ಜೂನ್. ಕರೆಂಟು ಹೋಗಲು ಶುರುವಾಗುವುದೂ ಆಗಲೇ. ಧರ್ಮಸಭೆಯ ಪಂಚಾಂಗವನ್ನು ಮಲೆನಾಡಿನ ತೋಟ ನೋಡಿ ಬರೆದಿಲ್ಲವಲ್ಲ.

ಆದ್ದರಿಂದ ಲೆಕ್ಕವನ್ನು ತಿರುಗಿಸಿ ಹಾಕಿ. ವರ್ಷದ ಅತ್ಯಂತ ಗಡಿಬಿಡಿಯ ದಿನ ಯಾವುದು? ಕೊನೆಗಾರ, ಎಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವವನು, ಬಂದ ದಿನ. ಬೆಳಿಗ್ಗೆಯೇ ಆಳುಗಳ ತಿಂಡಿ, ಮಧ್ಯಾಹ್ನ ಅವರ ಊಟ, ಸಂಜೆ ಅಂಗಳದಲ್ಲಿ ಹಸಿ ಅಡಿಕೆ ರಾಶಿ, ರಾತ್ರಿ ತಡವಾಗುವ ತನಕ ಸುಲಿಯುವ ಕೆಲಸ. ಅಂಥ ದಿನ ಎಷ್ಟು ನಡೆಯುತ್ತದೋ ಅಷ್ಟೇ ನಿಮ್ಮ ನಿತ್ಯದ ಪ್ರಾರ್ಥನೆ. ಬಿಡುವಿದ್ದ ದಿನ ಅದಕ್ಕೆ ಎಷ್ಟು ಬೇಕಾದರೂ ಸೇರಿಸಿ, ಆದರೆ ಸೇರಿಸಿದ್ದನ್ನು ನಿತ್ಯದ ಲೆಕ್ಕಕ್ಕೆ ತರಬೇಡಿ. ನಿಮ್ಮಂಥ ಮನೆಗೆ ಹೊಂದುವುದು ಹೆಚ್ಚುಕಡಿಮೆ ಹೀಗೆ: ಬೆಳಿಗ್ಗೆ 7 ನಿಮಿಷ, ನಡುಹಗಲು 1, ಸಂಜೆ ಮನೆಮಂದಿಯ ಜೊತೆ 10, ಮಲಗುವ ಮುಂಚೆ 3. ಒಟ್ಟು 21 ನಿಮಿಷ.

ಇಷ್ಟು ಸಾಕೇ ಎಂದು ಅನ್ನಿಸಬಹುದು. ಹಳೆಯ ಪದ್ಧತಿ ನೋಡಿ. ದಾನಿಯೇಲನು ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದ (ದಾನಿಯೇಲ 6:10). ಸಂಜೆ, ಮುಂಜಾನೆ, ಮಧ್ಯಾಹ್ನ ಮೊರೆಯಿಡುತ್ತೇನೆ ಎನ್ನುತ್ತದೆ ಸತ್ಯವೇದದ 55ನೇ ಕೀರ್ತನೆ. ಆದಿಸಭೆಯ ಬಹಳ ಹಳೆಯ ಬೋಧನಾ ಪುಸ್ತಕಗಳಲ್ಲಿ ಒಂದಾದ ದಿದಾಖೆ ಹೇಳುವುದೂ ಇಷ್ಟೇ: ಯೇಸು ಶಿಷ್ಯರಿಗೆ ಕಲಿಸಿದ ಕರ್ತರ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಿ. ಅಲ್ಲಿ ಗಂಟೆಗಟ್ಟಲೆಯ ಮಾತಿಲ್ಲ. ಅಪೊಸ್ತಲರ ಕೃತ್ಯಗಳ 10ನೇ ಅಧ್ಯಾಯದಲ್ಲಿ ಪೇತ್ರನು ನಡುಹಗಲು ಪ್ರಾರ್ಥನೆಗೆಂದು ಮಾಳಿಗೆ ಹತ್ತಿದಾಗ ಅವನಿಗೆ ಹಸಿವಾಗಿತ್ತು, ಕೆಳಗೆ ಅಡುಗೆ ನಡೆಯುತ್ತಿತ್ತು. ಮನೆಯ ಕೆಲಸದ ನಡುವೆಯೇ ಹೊತ್ತುಹೊತ್ತಿಗೆ ನಿಲ್ಲುವುದು ಕ್ರೈಸ್ತ ಪ್ರಾರ್ಥನೆಯ ಮೂಲ ರೂಢಿ. ದೀರ್ಘ ಪ್ರಾರ್ಥನೆ ಆ ಬುಡದ ಮೇಲೆ ಆಮೇಲೆ ಬೆಳೆದದ್ದು.

ಬೆಳಗಿನ ಪ್ರಾರ್ಥನೆಯನ್ನು ಗಡಿಯಾರಕ್ಕೆ ಕಟ್ಟಬೇಡಿ, ಕೆಲಸಕ್ಕೆ ಕಟ್ಟಿ. ‘ಐದೂವರೆಗೆ’ ಎಂದು ಇಟ್ಟುಕೊಂಡರೆ ಐದು ಮುಕ್ಕಾಲಿಗೆ ಎದ್ದ ದಿನ ಎಲ್ಲ ಕೆಟ್ಟಂತೆ ಕಾಣುತ್ತದೆ. ‘ಬಚ್ಚಲೊಲೆಗೆ ಬೆಂಕಿ ಮಾಡಿ ಹಂಡೆ ನೀರು ಕಾಯಲು ಬಿಟ್ಟ ಮೇಲೆ, ಕಾಫಿಗೆ ಮುಂಚೆ’ ಎಂದು ಇಟ್ಟುಕೊಂಡರೆ ಎದ್ದದ್ದು ಎಷ್ಟು ಹೊತ್ತಿಗಾದರೂ ಆ ಜಾಗ ಸಿಕ್ಕೇ ಸಿಗುತ್ತದೆ. ಕಾಫಿಗೆ ಮುಂಚೆಯೇ ಆಗಬೇಕು ಎನ್ನುವುದಕ್ಕೆ ಕಾರಣವಿದೆ: ಕಾಫಿ ಕುಡಿದ ಮೇಲೆ ಮನೆಯ ದಿನ ಶುರುವಾಗಿಬಿಡುತ್ತದೆ, ಯಾರಾದರೂ ಏನಾದರೂ ಕೇಳುತ್ತಾರೆ, ಕೈ ತಾನಾಗಿ ಮೊಬೈಲಿಗೆ ಹೋಗುತ್ತದೆ. ಸೌದೆ ಒಲೆ ಇಲ್ಲದ ಮನೆಯವರು, ಶಿವಮೊಗ್ಗ, ಭದ್ರಾವತಿಯಲ್ಲಿ ಶಿಫ್ಟ್ ಕೆಲಸ ಮಾಡುವವರು ಬೇರೆ ಯಾವುದಾದರೂ ತಪ್ಪದ ಕೆಲಸಕ್ಕೆ ಕಟ್ಟಲಿ. ಸ್ನಾನ ಮುಗಿಸಿ ತಲೆ ಒರೆಸಿದ ಮೇಲೆ, ಅಥವಾ ಬಸ್ಸಿನಲ್ಲಿ ಸೀಟು ಹಿಡಿದ ಮೇಲೆ. ದಿನಾ ಆಗುವ ಕೆಲಸವಾಗಿರಬೇಕು, ಅಷ್ಟೇ.

ಜಾಗವೂ ಒಂದೇ ಇರಲಿ. ದೇವರ ಪೀಠದ ಮುಂದೆ ಒಂದು ಮಣೆ ಅಥವಾ ಕುರ್ಚಿ, ಸತ್ಯವೇದ, ಒಂದು ನೋಟುಪುಸ್ತಕ, ಪೆನ್ನು, ಮೇಣದಬತ್ತಿ, ಬೆಂಕಿಪೊಟ್ಟಣ. ಇವೆಲ್ಲ ರಾತ್ರಿಯೇ ಅಲ್ಲಿರಲಿ. ಕನ್ನಡಕ ಹುಡುಕಲು ಎದ್ದರೆ ದಾರಿಯಲ್ಲಿ ಇನ್ನೆರಡು ಕೆಲಸ ಕಣ್ಣಿಗೆ ಬೀಳುತ್ತವೆ, ಪ್ರಾರ್ಥನೆ ಅಲ್ಲಿಗೆ ಮುಗಿಯಿತು. ಮಳೆಗಾಲದಲ್ಲಿ ಪುಸ್ತಕಕ್ಕೆ ತೇವ ಹಿಡಿದು ಬೂಷ್ಟು ಬರುತ್ತದೆ. ಗೋಡೆಗೆ ತಾಗದ ಹಾಗೆ, ಒಂದು ಡಬ್ಬಿಯಲ್ಲಿಟ್ಟು ಬಿಸಿಲು ಕಂಡ ದಿನ ಹೊರಗೆ ತೆಗೆದು ಗಾಳಿಯಾಡಿಸಿ. ಮೊಬೈಲಿನಲ್ಲಿ ಓದುವುದು ಬೇಡವೇ ಬೇಡ ಎನ್ನುವುದಿಲ್ಲ. ಆದರೆ ವಾಟ್ಸಾಪ್ ಬರುವ ಅದೇ ಪರದೆಯಲ್ಲಿ ಕೀರ್ತನೆ ಓದುವವರು ಮೂರನೇ ವಚನಕ್ಕೆ ಇನ್ನೆಲ್ಲೋ ಇರುತ್ತಾರೆ. ಅಚ್ಚಿನ ಪುಸ್ತಕವೇ ವಾಸಿ.

ಆ ಏಳು ನಿಮಿಷದಲ್ಲಿ ಏನೇನು ಮಾಡುವುದು? ಶಿಲುಬೆಯ ಗುರುತು ಮಾಡಿ ಅರ್ಧ ನಿಮಿಷ ಸುಮ್ಮನಿರಿ. ಏನನ್ನೂ ಕೇಳಬೇಡಿ, ದೇವರ ಮುಂದೆ ಬಂದು ಕೂತಿದ್ದೇನೆ ಎಂಬುದು ಮನಸ್ಸಿಗೆ ಬರಲಿ. ಆಮೇಲೆ ಒಂದು ಕೀರ್ತನೆ, ಒಂದೂವರೆ ನಿಮಿಷ, ತುಟಿ ಅಲುಗುವಷ್ಟಾದರೂ ದನಿ ತೆಗೆದು. ಕಣ್ಣಿನಲ್ಲಷ್ಟೇ ಓದಿದರೆ ನಿದ್ದೆಗಣ್ಣು ಸಾಲು ಹಾರಿಸುತ್ತದೆ. ಹೊಸಬರು 1ನೇ ಕೀರ್ತನೆಯಿಂದ ಶುರುಮಾಡಿ 18ನೆಯದಕ್ಕೆ ಬಂದು ಸುಸ್ತಾಗುತ್ತಾರೆ. ಅದರಲ್ಲಿ ಐವತ್ತು ವಚನಗಳಿವೆ. ಅದಕ್ಕೆ ಬದಲು 120ರಿಂದ 134ರ ತನಕ ಹಿಡಿಯಿರಿ. ಯೆರೂಸಲೇಮಿಗೆ ಹತ್ತಿ ಹೋಗುವ ಯಾತ್ರಿಕರ ಹಾಡುಗಳು ಇವು, ಒಟ್ಟು ಹದಿನೈದು. 132 ಒಂದನ್ನು ಬಿಟ್ಟರೆ ಎಲ್ಲವೂ ಹತ್ತು ವಚನದೊಳಗೆ. ದಿನಕ್ಕೊಂದರಂತೆ ತಿಂಗಳಿಗೆ ಎರಡು ಸುತ್ತು ಬರುತ್ತದೆ, ಮೂರು ತಿಂಗಳಲ್ಲಿ ಅರ್ಧ ಬಾಯಿಗೆ ಬಂದಿರುತ್ತದೆ. ಬಾಯಿಗೆ ಬಂದದ್ದು ಮುಂದೆ ಬಹಳ ಕಡೆ ಒದಗುತ್ತದೆ.

ಮುಂದಿನ ಎರಡು ನಿಮಿಷ ಶುಭಸಂದೇಶಕ್ಕೆ, ಎಂದರೆ ಯೇಸುವಿನ ಬದುಕನ್ನು ಹೇಳುವ ಪುಸ್ತಕಗಳಿಗೆ. ನಾಲ್ಕರಲ್ಲಿ ಚಿಕ್ಕದು ಮಾರ್ಕನದು, 16 ಅಧ್ಯಾಯ. ದಿನಕ್ಕೆ ಹತ್ತು ವಚನದ ಲೆಕ್ಕದಲ್ಲಿ ಎರಡು ತಿಂಗಳು ಚಿಲ್ಲರೆಯಲ್ಲಿ ಮುಗಿಯುತ್ತದೆ. ಹತ್ತಕ್ಕೇ ನಿಲ್ಲಬೇಕೆಂದಿಲ್ಲ, ಒಂದು ಪ್ರಸಂಗ ಮುಗಿಯುವಲ್ಲಿ ನಿಲ್ಲಿ. ಓದಿದ ಮೇಲೆ ಮನಸ್ಸಿಗೆ ತಟ್ಟಿದ ಒಂದು ಮಾತನ್ನು ಹಿಡಿದು ಇನ್ನೊಮ್ಮೆ ನಿಧಾನವಾಗಿ ಓದಿ. ಆ ಮಾತು ಇವತ್ತಿನ ಯಾವ ಕೆಲಸಕ್ಕೆ, ಯಾವ ಮನುಷ್ಯರಿಗೆ ತಾಗುತ್ತದೆ ಎಂದು ನೋಡಿ, ಆಮೇಲೆ ಅದನ್ನೇ ದೇವರ ಹತ್ತಿರ ಮಾತಾಡಿ, ಎರಡು ನಿಮಿಷ. ಓದು, ಮನನ, ಪ್ರಾರ್ಥನೆ, ಮೌನ ಎಂಬ ಈ ನಾಲ್ಕು ಮೆಟ್ಟಿಲುಗಳನ್ನು 12ನೇ ಶತಮಾನದಲ್ಲಿ ಎರಡನೇ ಗಿಗೋ ಎಂಬ ಸನ್ಯಾಸಿ ಬರೆದಿಟ್ಟ. ಸನ್ಯಾಸಿಗಳಿಗೆ ಗಂಟೆಗಳಿದ್ದವು; ನಿಮಗಿರುವುದು ನಾಲ್ಕು ನಿಮಿಷ. ಮೆಟ್ಟಿಲುಗಳ ಕ್ರಮ ಮಾತ್ರ ಅದೇ. ಓದಿದ್ದಕ್ಕೂ ಬೇಡಿಕೊಳ್ಳುವುದಕ್ಕೂ ಸಂಬಂಧವಿಲ್ಲದೆ ಹೋಗುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಕುರುಡ ಬಾರ್ತಿಮಾಯನ ಪ್ರಸಂಗ ಓದಿ, ಮರುಕ್ಷಣ ಅದನ್ನು ಬಿಟ್ಟು ದಿನವೂ ಹೇಳುವ ಬೇಡಿಕೆಗಳ ಪಟ್ಟಿಗೆ ಹೋಗುತ್ತೇವೆ. ‘ನನ್ನಿಂದ ನಿನಗೆ ಏನಾಗಬೇಕು’ ಎಂದು ಯೇಸು ಅವನನ್ನು ಕೇಳಿದ್ದಾರಲ್ಲ, ಆ ಪ್ರಶ್ನೆಗೆ ನೀವೇ ಉತ್ತರ ಕೊಡಿ. ಅವತ್ತಿನ ಪ್ರಾರ್ಥನೆ ಅದೇ.

ಕೊನೆಯ ಒಂದು ನಿಮಿಷ ಕರ್ತರ ಪ್ರಾರ್ಥನೆಗೆ. ಚರ್ಚಿನಲ್ಲಿ ನಾವು ಹೇಳುವ ವೇಗದಲ್ಲಿ ಅದು ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಒಂದೊಂದು ಬೇಡಿಕೆಯ ಮುಂದೆ ಒಂದುಸಿರು ನಿಂತು ಹೇಳಿ. ‘ಅನುದಿನದ ಆಹಾರ’ ಬಂದಾಗ ಇವತ್ತಿನ ಅಕ್ಕಿ, ಇವತ್ತಿನ ಕೂಲಿ. ‘ಕ್ಷಮಿಸಿ’ ಬಂದಾಗ ಬೇಲಿಯ ವಿಷಯಕ್ಕೆ ಮಾತು ಬಿಟ್ಟ ಪಕ್ಕದ ಮನೆಯವರು. 1535ರಲ್ಲಿ ಪ್ರೊಟೆಸ್ಟೆಂಟ್ ಸುಧಾರಕ ಮಾರ್ಟಿನ್ ಲೂಥರ್ ತನ್ನ ಕ್ಷೌರಿಕ ಪೇತರ್ ಎಂಬವನಿಗೆ ಪ್ರಾರ್ಥಿಸುವ ಬಗೆಯನ್ನು ಬರೆದುಕೊಟ್ಟಾಗ ಹೇಳಿದ್ದೂ ಇದನ್ನೇ, ಬೇಡಿಕೆ ಬೇಡಿಕೆಯಾಗಿ ಬಿಡಿಸಿಕೊಂಡು ಪ್ರಾರ್ಥಿಸು ಎಂದು. ಒಳ್ಳೆಯ ಕ್ಷೌರಿಕನ ಕಣ್ಣೂ ಮನಸ್ಸೂ ಕತ್ತಿಯ ಮೇಲಿರಬೇಕು, ಪ್ರಾರ್ಥನೆಗೂ ಹಾಗೇ ಎಂಬ ಮಾತೂ ಅದರಲ್ಲಿದೆ. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಡುಹಗಲಿನದು ಚಿಕ್ಕದು. ಕಥೋಲಿಕ ಚರ್ಚುಗಳಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತ್ರಿಕಾಲ ಪ್ರಾರ್ಥನೆಯ (ದೇವದೂತ ಮರಿಯಮ್ಮನಿಗೆ ತಂದ ಸಂದೇಶವನ್ನು ನೆನೆಯುವ ಪ್ರಾರ್ಥನೆ) ಗಂಟೆ ಬಾರಿಸುವುದು ರೂಢಿ. ಮೂರು ಮೂರು ಪೆಟ್ಟು ಮೂರು ಸಲ, ಆಮೇಲೆ ಒಂಬತ್ತು. ನಿಮಗೆ ಗಂಟೆ ಕೇಳಿಸುವುದಿಲ್ಲ ಎಂದಿದ್ದೀರಿ. ಆಳುಗಳಿಗೆ ಬಡಿಸಲು ಅನ್ನದ ಪಾತ್ರೆ ಇಳಿಸುತ್ತೀರಲ್ಲ, ಅದೇ ಗಂಟೆ ಎಂದಿಟ್ಟುಕೊಳ್ಳಿ. ಒಲೆಯ ಮುಂದೆ ನಿಂತೇ ತ್ರಿಕಾಲ ಪ್ರಾರ್ಥನೆ ಹೇಳಿ. ಹೊತ್ತಿಲ್ಲದಿದ್ದರೆ ಕರ್ತರ ಪ್ರಾರ್ಥನೆ ಒಂದೇ ಸಾಕು.

ಕೊಯ್ಲಿನ ರಾತ್ರಿಗಳಿಗೆ ಬೇರೆಯೇ ಬಗೆ ಬೇಕು. ಮೆಟ್ಟುಗತ್ತಿಯ ಮುಂದೆ ಕಣ್ಣು ಮುಚ್ಚುವಂತಿಲ್ಲ, ಪುಸ್ತಕ ಹಿಡಿಯುವಂತಿಲ್ಲ, ಹಸಿ ಅಡಿಕೆಯ ಕರೆ ಹತ್ತಿದ ಬೆರಳಿನಲ್ಲಿ ಜಪಸರ ಎಣಿಸುವಂತೆಯೂ ಇಲ್ಲ. ಅಲ್ಲಿಗೆ ಹೊಂದುವುದು ಪೂರ್ವದ ಸಭೆಗಳಲ್ಲಿ ಬಹಳ ಕಾಲದಿಂದ ಬಂದ ಯೇಸುವಿನ ಜಪ: ‘ಕರ್ತರಾದ ಯೇಸುಕ್ರಿಸ್ತರೇ, ದೇವರ ಪುತ್ರರೇ, ಪಾಪಿಯಾದ ನನ್ನ ಮೇಲೆ ಕರುಣೆಯಿಡಿ.’ ಮೊದಲರ್ಧ ಉಸಿರು ಒಳಗೆ ಎಳೆಯುವಾಗ, ಉಳಿದರ್ಧ ಬಿಡುವಾಗ. ಎಣಿಕೆ ಬೇಡ. ಒಂದೊಂದು ಬುಟ್ಟಿಗೆ ಒಬ್ಬರ ಹೆಸರು ಇಟ್ಟುಕೊಳ್ಳಿ: ಈ ಬುಟ್ಟಿ ಆಸ್ಪತ್ರೆಯಲ್ಲಿರುವ ಚಿಕ್ಕಮ್ಮನಿಗೆ, ಮುಂದಿನದು ಬೆಂಗಳೂರಿನಲ್ಲಿರುವ ತಂಗಿಗೆ. ‘ನನ್ನ’ ಎನ್ನುವಲ್ಲಿ ಅವರ ಹೆಸರು ಹಾಕಿ. ಎಲ್ಲವೂ ಮನಸ್ಸಿನಲ್ಲೇ ನಡೆಯಲಿ. ಅಂಗಳದಲ್ಲಿ ಕೂತವರಲ್ಲಿ ಬೇರೆ ಧರ್ಮದ ನೆರೆಯವರು, ಆಳುಗಳು ಇರುತ್ತಾರೆ. ಅವರ ನಡುವೆ ಸ್ಪೀಕರ್ ಹಾಕಿ ಜಪಸರ ಕೇಳಿಸುವುದು ಪ್ರಾರ್ಥನೆಯೂ ಅಲ್ಲ, ಮರ್ಯಾದೆಯೂ ಅಲ್ಲ. ಯಾರಾದರೂ ಕಥೆ ತೆಗೆದರೆ ಜಪ ನಿಲ್ಲಿಸಿ ಕಥೆ ಕೇಳಿ. ಕೂಡಿ ಸುಲಿಯುವ ರಾತ್ರಿಯಲ್ಲಿ ಮುಖ ಗಂಟುಹಾಕಿ ಕೂತು ಜಪ ಮಾಡುವವರನ್ನು ಕಂಡರೆ ಮಕ್ಕಳಿಗೆ ಪ್ರಾರ್ಥನೆಯೇ ಬೇಸರವಾಗುತ್ತದೆ.

ಇನ್ನು ಸಂಜೆಯದು. ಮನೆಮಂದಿಯ ಪ್ರಾರ್ಥನೆ ಕೆಡುವುದು ಭಕ್ತಿ ಕಡಿಮೆಯಾಗಿ ಎಂದುಕೊಳ್ಳುತ್ತೇವೆ. ಹೆಚ್ಚಿನ ಮನೆಗಳಲ್ಲಿ ಅದು ಕೆಡುವುದು ಬಾಲ ಬೆಳೆದು. ಜಪಸರ ಮುಗಿಯಿತು ಅನ್ನುವಾಗ ಸಂತರ ಪ್ರಾರ್ಥನಾಮಾಲೆ ಶುರುವಾಗುತ್ತದೆ, ಅದರ ಹಿಂದೆ ಸಂತ ಅಂತೋಣಿಯವರದು, ಆಮೇಲೆ ನೊವೇನ (ಒಂಬತ್ತು ದಿನದ ಪ್ರಾರ್ಥನೆ), ತೀರಿಕೊಂಡವರ ಹೆಸರು ಒಂದೊಂದಾಗಿ, ಊರಲ್ಲಿ ಕಾಯಿಲೆ ಬಿದ್ದವರು, ಪರೀಕ್ಷೆ ಬರೆಯುವವರು. ಹದಿನೈದು ನಿಮಿಷದ್ದು ಮುಕ್ಕಾಲು ಗಂಟೆಗೆ ಬರುತ್ತದೆ. ಮೊಣಕಾಲೂರಿದ ಮಗು ಗೋಡೆಗೆ ಒರಗುತ್ತದೆ, ತೂಕಡಿಸುತ್ತದೆ, ಬೈಸಿಕೊಳ್ಳುತ್ತದೆ. ಹಾಗೆ ಬೈಸಿಕೊಂಡು ಬೆಳೆದವರು ಕಾಲೇಜಿಗೆ ಹೋದ ತಿಂಗಳೇ ಪ್ರಾರ್ಥನೆ ಬಿಡುತ್ತಾರೆ. ಬಾಲ ಕತ್ತರಿಸಿ, ಹಿರಿಯರು ಬೇಸರ ಮಾಡಿಕೊಂಡರೂ ಕತ್ತರಿಸಿ. ಅವರಿಗೆ ಪ್ರಿಯವಾದ ಪ್ರಾರ್ಥನೆಗಳನ್ನು ಅವರು ತಮ್ಮ ಹೊತ್ತಿನಲ್ಲಿ ಹೇಳಿಕೊಳ್ಳಬಹುದು.

ಹತ್ತು ನಿಮಿಷದಲ್ಲಿ ಹಿಡಿಸುವುದು ಇಷ್ಟು: ಹಾಡಿನ ಒಂದು ಚರಣ, ಐದಾರು ವಚನ ಶುಭಸಂದೇಶ, ಜಪಸರದ ಒಂದೇ ರಹಸ್ಯ, ಎಂದರೆ ಒಂದು ಕರ್ತರ ಪ್ರಾರ್ಥನೆ, ಹತ್ತು ನಮೋ ಮರಿಯಾ, ಒಂದು ತ್ರಿತ್ವಸ್ತುತಿ, ಒಬ್ಬೊಬ್ಬರಿಂದ ಒಂದೊಂದು ವಾಕ್ಯದ ಬೇಡಿಕೆ, ಕೊನೆಗೆ ಹಿರಿಯರ ಆಶೀರ್ವಾದ. ಹಾಡು ಬಾರದ ಮನೆಯಲ್ಲಿ ಹಾಡು ಬಿಡಿ. ಒಂದು ರಹಸ್ಯಕ್ಕೆ ಸಮಾಧಾನವಾಗಿ ಹೇಳಿದರೆ ನಾಲ್ಕು ನಿಮಿಷ ಸಾಕು. ನಡೆಸುವವರ ಮಾತು ಮುಗಿಯುವ ಮುಂಚೆಯೇ ಉಳಿದವರು ಉತ್ತರ ಶುರುಮಾಡುವುದು ನಮ್ಮಲ್ಲಿ ತೀರಾ ಸಾಮಾನ್ಯ. ಯೇಸುವಿನ ಹೆಸರು ಬರುವಲ್ಲಿ ಒಂದುಸಿರು ಬಿಟ್ಟು ಉತ್ತರ ಹೇಳುವ ರೂಢಿ ಮಾಡಿ, ಆ ಒಂದು ಬದಲಾವಣೆಯಿಂದಲೇ ಜಪಸರದ ಓಟ ತಗ್ಗುತ್ತದೆ. ಯಾವ ದಿನ ಯಾವ ರಹಸ್ಯ ಎಂಬುದು ನಿಮಗೆ ಗೊತ್ತಿರುವುದೇ: ಸೋಮವಾರ, ಶನಿವಾರ ಸಂತೋಷದವು, ಮಂಗಳವಾರ, ಶುಕ್ರವಾರ ದುಃಖದವು, ಬುಧವಾರ, ಭಾನುವಾರ ಮಹಿಮೆಯವು, 2002ರಲ್ಲಿ ಎರಡನೇ ಜಾನ್ ಪಾಲ್ ಪೋಪರು ಸೇರಿಸಿದ ಬೆಳಕಿನ ರಹಸ್ಯಗಳು ಗುರುವಾರ. ಒಂದನ್ನೇ ಹೇಳುವಾಗ ಈ ಸೋಮವಾರ ಮೊದಲನೆಯದು, ಮುಂದಿನ ಸೋಮವಾರ ಎರಡನೆಯದು ಎಂದು ಸಾಗಲಿ, ಯಾವುದೂ ತಪ್ಪಿಹೋಗುವುದಿಲ್ಲ. ಐದೂ ರಹಸ್ಯಗಳ ಪೂರ್ತಿ ಜಪಸರ ಶನಿವಾರ ಸಂಜೆಗಿರಲಿ, ಒಬ್ಬೊಬ್ಬರು ಒಂದೊಂದು ನಡೆಸಲಿ.

ಅತ್ತೆಯವರ ಕೊಂಕಣಿಯನ್ನು ಸಮಸ್ಯೆ ಎಂದು ನೋಡಬೇಡಿ. ಅವರಿಗೆ ತೇರ್ಸ್ (ಕೊಂಕಣಿಯ ಜಪಸರ) ಎಂದರೆ ತಾಯಿಯ ಬಾಯಿಂದ ಕೇಳಿದ್ದು. ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿ ಎಂದರೆ ಅವರ ಪಾಲಿಗೆ ಪ್ರಾರ್ಥನೆಯೇ ಹೋದಂತೆ. ಮಕ್ಕಳಿಗೆ ಶಾಲೆಯೂ ಧರ್ಮೋಪದೇಶವೂ ಕನ್ನಡದಲ್ಲಿ, ಕೊಂಕಣಿಯ ಜಪಸರ ಅವರಿಗೆ ಬರೀ ಶಬ್ದ. ನಡೆಸುವವರು ತಮ್ಮ ಭಾಷೆಯಲ್ಲಿ ಮೊದಲರ್ಧ, ಉತ್ತರಿಸುವವರು ತಮಗೆ ಬರುವ ಭಾಷೆಯಲ್ಲಿ ಎರಡನೇ ಅರ್ಧ ಹೇಳಬಹುದು. ಒಂದು ವಾರ ಗೊಂದಲ ಎನ್ನಿಸುತ್ತದೆ, ಆಮೇಲೆ ಹೊಂದಿಕೊಳ್ಳುತ್ತದೆ. ಅಥವಾ ದಿನ ಹಂಚಿಕೊಳ್ಳಿ, ಮೂರು ದಿನ ಕೊಂಕಣಿ, ನಾಲ್ಕು ದಿನ ಕನ್ನಡ. ಶುಭಸಂದೇಶದ ಓದು ಮಾತ್ರ ಮಕ್ಕಳಿಗೆ ಅರ್ಥವಾಗುವ ಭಾಷೆಯಲ್ಲೇ ಇರಲಿ. ತೇರ್ಸ್ ಮುಗಿದ ಮೇಲೆ ಮಕ್ಕಳು ಹಿರಿಯರ ಹತ್ತಿರ ಬೆಸಾಂವ್ (ಆಶೀರ್ವಾದ) ಕೇಳುವ ಪದ್ಧತಿ ನಿಮ್ಮ ಮನೆಯಲ್ಲಿ ನಿಂತಿದ್ದರೆ ಮತ್ತೆ ಶುರುಮಾಡಿ. ಸಿಡುಕಿದ ದಿನವೂ ಅಜ್ಜಿಯ ಕೈ ಮೊಮ್ಮಗನ ತಲೆ ಮೇಲೆ ಬರುತ್ತದೆ. ಇಡೀ ಸಂಜೆಯಲ್ಲಿ ಮಕ್ಕಳು ದೊಡ್ಡವರಾದ ಮೇಲೂ ಮರೆಯದ ಭಾಗ ಅದೇ.

ಮೊಬೈಲಿಗೆ ಒಂದೇ ಮದ್ದು. ಒಂದು ಬುಟ್ಟಿ ಇಡಿ, ಪ್ರಾರ್ಥನೆಗೆ ಮುಂಚೆ ಮನೆಯ ಎಲ್ಲ ಮೊಬೈಲುಗಳೂ ಅದಕ್ಕೆ ಹೋಗಲಿ, ಮೊದಲು ನಿಮ್ಮದು, ಆಮೇಲೆ ಯಜಮಾನರದು. ಮಗನದೊಂದನ್ನೇ ಕಸಿದರೆ ಅದು ಶಿಕ್ಷೆಯಾಗುತ್ತದೆ. ಅವನಿಗೊಂದು ನಿಜವಾದ ಕೆಲಸವನ್ನೂ ಕೊಡಿ: ಶುಭಸಂದೇಶ ಓದುವುದು ಅವನದು, ಅವನು ಓದದಿದ್ದರೆ ಓದೇ ಇಲ್ಲ. ತಪ್ಪು ಓದಿದಾಗ ನಡುವೆ ತಿದ್ದಬೇಡಿ. ಬೆಳೆದ ಹುಡುಗನಿಗೆ ಎಲ್ಲರ ಮುಂದೆ ಸ್ವಂತ ಮಾತಿನಲ್ಲಿ ಪ್ರಾರ್ಥಿಸಲು ಒತ್ತಾಯವೂ ಬೇಡ. ಚಿಕ್ಕವರಿದ್ದರೆ ಮೋಂತಿ ಹಬ್ಬದ (ಮರಿಯಮ್ಮನ ಜನ್ಮದಿನದ ಹಬ್ಬ) ಒಂಬತ್ತು ದಿನ ಹೂ ಕೊಯ್ದು ತರುವ ಉತ್ಸಾಹವನ್ನು ಮನೆಗೂ ತನ್ನಿ, ದಿನಾ ಪೀಠಕ್ಕೆ ಒಂದು ಹೂ ಇಡುವುದು ಅವರ ಪಾಲು. ಯಜಮಾನರ ದಣಿವಿಗೆ ಪರಿಹಾರ ಹೊತ್ತು ಬದಲಿಸುವುದು. ಊಟದ ಮೇಲೆ ಯಾರಿಗೂ ಕೂರಲಾಗುವುದಿಲ್ಲ. ತೋಟದಿಂದ ಬಂದು ಕೈಕಾಲು ತೊಳೆದು ಚಹಾ ಕುಡಿದ ಕೂಡಲೇ ಹತ್ತು ನಿಮಿಷ ಮುಗಿಸಿ. ಕೂತು ಪ್ರಾರ್ಥಿಸಲಿ, ಮೊಣಕಾಲೂರಲೇಬೇಕು ಎಂದಿಲ್ಲ.

ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಮತ್ತಿತರ ಪ್ರೊಟೆಸ್ಟೆಂಟ್ ಸಭೆಗಳ ಓದುಗರು ಜಪಸರದ ಜಾಗದಲ್ಲಿ ಒಂದು ಕೀರ್ತನೆ ಇಟ್ಟುಕೊಂಡರೆ ಇದೇ ಚೌಕಟ್ಟು ಸ್ವಲ್ಪವೂ ಬದಲಾಗದೆ ನಡೆಯುತ್ತದೆ. ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದ ಹಂಚಿಕೆಯಲ್ಲಿ 150 ಕೀರ್ತನೆಗಳು ಬೆಳಿಗ್ಗೆ, ಸಂಜೆ ಸೇರಿ 30 ದಿನಕ್ಕೆ ಮುಗಿಯುತ್ತವೆ. ಓದಿನ ಅಭ್ಯಾಸ ಇರುವವರು ಅದನ್ನು ಹಿಡಿಯಬಹುದು. ಈ ಮನೆಗಳಲ್ಲಿ ತೊಂದರೆ ಕೊಡುವುದು ಸ್ವಂತ ಮಾತಿನ ಪ್ರಾರ್ಥನೆ. ಒಬ್ಬರೇ ಇಪ್ಪತ್ತು ನಿಮಿಷ ಮಾತಾಡುತ್ತಾರೆ, ನಡುನಡುವೆ ಉಪದೇಶವೂ ಸೇರುತ್ತದೆ. ಆರಾಧನೆ, ಅರಿಕೆ, ಕೃತಜ್ಞತೆ, ಬಿನ್ನಹ, ನಾಲ್ಕಕ್ಕೂ ಎರಡೆರಡು ವಾಕ್ಯ ಎಂದು ಮಿತಿ ಹಾಕಿಕೊಂಡರೆ ಮಾತು ತಾನಾಗಿ ಗಟ್ಟಿಯಾಗುತ್ತದೆ.

ಮನಸ್ಸು ಓಡುವುದರ ಬಗ್ಗೆ ಕೇಳಿದ್ದೀರಿ. ಓಡುತ್ತದೆ. ಇಪ್ಪತ್ತು ವರ್ಷ ಮಠದಲ್ಲಿದ್ದವರ ಮನಸ್ಸೂ ಓಡುತ್ತದೆ. ಅದರ ಜೊತೆ ಜಗಳಕ್ಕೆ ನಿಂತರೆ ಪ್ರಾರ್ಥನೆಯ ಹೊತ್ತೆಲ್ಲ ಜಗಳಕ್ಕೇ ಹೋಗುತ್ತದೆ. ಓಡಿದ್ದು ಎಲ್ಲಿಗೆ ಎಂದು ನೋಡಿ. ‘ಗ್ಯಾಸ್ ಬುಕ್ ಮಾಡಬೇಕಿತ್ತು’ ಎಂಬಂಥದ್ದಾದರೆ ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಎರಡು ಪದ ಬರೆದು ಬಿಡಿ, ಬರೆದ ಮೇಲೆ ಅದು ಮತ್ತೆ ಬರುವುದಿಲ್ಲ. ಕೊಳೆ ರೋಗ, ಅಡಿಕೆ ದರ, ಮಗಳ ಫೀಸು, ನಿನ್ನೆಯ ಜಗಳ ಇಂಥದ್ದಾದರೆ ಅದನ್ನು ಓಡಿಸಬೇಡಿ, ಅದೇ ಅವತ್ತಿನ ಪ್ರಾರ್ಥನೆ. ‘ಮಳೆ ಬಿಡ್ತಿಲ್ಲ ದೇವರೇ, ಔಷಧಿ ಹೊಡೆಯೋಕೆ ಆಗ್ತಿಲ್ಲ’ ಎಂಬುದು ಪುಸ್ತಕದ ಯಾವ ಪ್ರಾರ್ಥನೆಗೂ ಕಡಿಮೆಯಲ್ಲ. ಕೀರ್ತನೆಗಳಲ್ಲಿ ಬಹಳಷ್ಟು ಇಂಥ ಗೋಳೇ ಇದೆ.

ಮಲಗುವ ಮುಂಚಿನ ಮೂರು ನಿಮಿಷದಲ್ಲಿ ಇವತ್ತಿನ ದಿನವನ್ನು ಹಿಂದಿನಿಂದ ನೋಡಿ. ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲಾ ಅವರ ಆತ್ಮಶೋಧನೆಗೆ ಐದು ಹಂತ: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನದ ತಪಾಸಣೆ, ಕ್ಷಮೆ, ನಾಳೆಯ ಸಂಕಲ್ಪ. ಹಾಸಿಗೆಯಲ್ಲಿ ಮಲಗಿ ಮಾಡಿದರೆ ಮೊದಲ ಹಂತದಲ್ಲೇ ನಿದ್ದೆ. ಹಾಸಿಗೆ ಬಿಡಿಸಿ, ಅದರ ಅಂಚಿನಲ್ಲಿ ಕೂತು ಮುಗಿಸಿ.

ಮಳೆಗಾಲಕ್ಕೆ ಮುಂಚೆ ಮೂರು ಕೀರ್ತನೆಗಳನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ: ಬೆಳಿಗ್ಗೆಗೆ 121, ಕಷ್ಟದ ಹೊತ್ತಿಗೆ 23, ರಾತ್ರಿಗೆ 4. ಎರಡು ದಿನ ಕರೆಂಟಿಲ್ಲದೆ ಚಾರ್ಜ್ ಲೈಟೂ ಸತ್ತಾಗ ಇವೇ ಗತಿ. ಧರೆ ಕುಸಿದು, ಹಳ್ಳ ಏರಿ ಭಾನುವಾರ ಚರ್ಚಿಗೆ ಹೋಗಲಾಗದಿದ್ದರೆ ಅದು ತಪ್ಪಲ್ಲ. ಅವತ್ತಿನ ವಾಚನಗಳನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ, ವಿಶ್ವಾಸಸಂಗ್ರಹ ಹೇಳಿ, ಬೇಡಿಕೆಗಳನ್ನಿಟ್ಟು, ಕರ್ತರ ಪ್ರಾರ್ಥನೆಯಲ್ಲಿ ಮುಗಿಸಿ. ನೆಟ್‌ವರ್ಕ್ ಇದ್ದರೆ ನೇರಪ್ರಸಾರದ ಪೂಜೆ ನೋಡಬಹುದು. ನೋಡುವಾಗ ಪಾತ್ರೆ ತೊಳೆಯಬೇಡಿ.

ಇಷ್ಟೆಲ್ಲ ಮಾಡಿಯೂ ಏನೂ ಅನ್ನಿಸದ ದಿನಗಳು ಬರುತ್ತವೆ, ಸಾಮಾನ್ಯವಾಗಿ ಮೊದಲ ಉತ್ಸಾಹ ಇಳಿದ ಎರಡು ಮೂರು ತಿಂಗಳಿಗೆ. 4ನೇ ಶತಮಾನದಲ್ಲೇ ಈಜಿಪ್ಟಿನ ಮರುಭೂಮಿಯ ಸನ್ಯಾಸಿ ಎವಾಗ್ರಿಯಸ್ ಇದನ್ನು ‘ನಡುಹಗಲಿನ ಪಿಶಾಚಿ’ ಎಂದು ಬರೆದಿದ್ದಾನೆ: ಹೊತ್ತು ಸರಿಯುವುದಿಲ್ಲ, ಕೂತ ಜಾಗ ಬೇಡವೆನ್ನಿಸುತ್ತದೆ, ಬೇರೆಲ್ಲಾದರೂ ಹೋದರೆ ಪ್ರಾರ್ಥನೆ ಚೆನ್ನಾಗಿ ಆಗಬಹುದು ಎನ್ನಿಸುತ್ತದೆ. ಅಂಥ ವಾರಗಳಲ್ಲಿ ಪ್ರಾರ್ಥನೆಯನ್ನು ಉದ್ದ ಮಾಡಬೇಡಿ, ಹೊಸ ನೊವೇನ ಹಿಡಿಯಬೇಡಿ, ಬಿಡಲೂ ಬೇಡಿ. ಅದೇ 21 ನಿಮಿಷ. ಮಾತೇ ಹೊರಡದಿದ್ದರೆ 13ನೇ ಅಥವಾ 88ನೇ ಕೀರ್ತನೆ ಓದಿ. 88ನೆಯದು ಕೊನೆಯ ವಚನದ ತನಕವೂ ಕತ್ತಲೆಯಲ್ಲೇ ಇದೆ, ಯಾವ ಸಮಾಧಾನವೂ ಇಲ್ಲದೆ ಮುಗಿಯುತ್ತದೆ. ಆದರೂ ಅದು ಪ್ರಾರ್ಥನೆಗಳ ಸಾಲಿನಲ್ಲಿದೆ. ಆದರೆ ಎರಡು ವಾರ ಮೀರಿ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದರೆ ಅದನ್ನು ಪ್ರಾರ್ಥನೆಯ ಒಣಗಾಲ ಎಂದು ತಳ್ಳಿಹಾಕದೆ ವೈದ್ಯರನ್ನು ಕಾಣಿ. ಪ್ರಾರ್ಥನೆ ಜೊತೆಗಿರಲಿ, ಔಷಧಿಗೆ ಬದಲಿಯಾಗಿ ಬೇಡ.

ಶುರುಮಾಡುವುದಕ್ಕೆ ತಪಸ್ಸು ಕಾಲದ ಮೊದಲ ದಿನವಾದ ವಿಭೂತಿ ಬುಧವಾರ ಕಾಯಬೇಡಿ, ಒಂದು ಸಾದಾ ಮಂಗಳವಾರ ಸಾಕು. ಮೊದಲ ಎರಡು ವಾರ ಬೆಳಗಿನ ಏಳು ನಿಮಿಷ ಮಾತ್ರ. ಅದು ಕೂತ ಮೇಲೆ ಸಂಜೆಯದು. ಇನ್ನೆರಡು ವಾರ ಬಿಟ್ಟು ನಡುಹಗಲು, ರಾತ್ರಿ. ನಾಲ್ಕನ್ನೂ ಒಂದೇ ದಿನ ಹಿಡಿದರೆ ನಾಲ್ಕೂ ಒಟ್ಟಿಗೇ ಬೀಳುತ್ತವೆ. ಮುಂದಿನ ತಪಸ್ಸು ಕಾಲದಲ್ಲಿ ಅರ್ಧ ಗಂಟೆಯನ್ನು ಧಾರಾಳವಾಗಿ ಸೇರಿಸಿ, ಈಸ್ಟರ್ ಮರುದಿನ ಸೇರಿಸಿದ್ದನ್ನು ಮಾತ್ರ ಇಳಿಸಿ. ಈಸ್ಟರ್ ದಿನದಿಂದ ಪೆಂತೆಕೋಸ್ತೆಯ ಹಬ್ಬದ ತನಕದ ಐವತ್ತು ದಿನ ನಡುಹಗಲಿಗೆ ತ್ರಿಕಾಲ ಪ್ರಾರ್ಥನೆಯ ಬದಲು ‘ಸ್ವರ್ಗದ ರಾಣಿಯೇ’ ಎಂಬ ಮರಿಯಮ್ಮನ ಪ್ರಾರ್ಥನೆ ಹೇಳಿ. ಮೊದಲ ಸಂಜೆಗೆ ಇನ್ನೊಂದು ಮಾತು. ಹೀಗೆ ಮಾಡಬೇಕಂತೆ ಎಂದು ಈ ಉತ್ತರವನ್ನು ಅತ್ತೆಯವರಿಗೆ ಓದಿ ಹೇಳಲು ಹೋಗಬೇಡಿ. ಇವತ್ತಿನ ರಹಸ್ಯ ನೀವೇ ಕೊಂಕಣಿಯಲ್ಲಿ ನಡೆಸಿಕೊಡಿ ಅತ್ತೆ, ಒಂದೇ ಸಾಕು, ಎಂದು ಕೇಳಿ ನೋಡಿ.